ಪಾಳಿಯ ಲೆಕ್ಕ: ಟೆಲಿಫೋನಿನಿಂದ ಗಣಕಯಂತ್ರದ ತನಕ

ಪದ ಹಾಡುವವರಿಗೆ ಕಾಲದ ಮ್ಯಾಲೆ ಒಂದು ಹಿಡಿತ ಇರ್ತದ. ಪಾಂಡವರು ವನವಾಸಕ್ಕ ಹೊಂಟರು ಅಂದ್ರ ಹನ್ನೆರಡು ವರ್ಷದ ಒಂದೊಂದು ದಿನವನ್ನೂ ನಾವು ಹಾಡೂದಿಲ್ಲ. ಎಲ್ಲಿ ಏನರೆ ಘಟಿಸಿತೋ ಅಲ್ಲಿ ನಿಂತು ಹಾಡತೀವಿ. ಏನೂ ಘಟಿಸದ ಕಾಲವನ್ನು ಒಂದು ನುಡಿಯೊಳಗ ದಾಟಿ ಮುಂದಿನ ಘಟನೆಗೆ ಜಿಗೀತೀವಿ. ನಡುವಿನ ದಿನ ಎಲ್ಲಿ ಹೋದವು ಅಂತ ಇಲ್ಲಿ ತನಕ ಕೇಳಾವರು ಯಾರೂ ಸಿಕ್ಕಿಲ್ಲ. ಗಣಕಯಂತ್ರದ ಮಂದಿ ಇದೇ ಜಿಗಿತವನ್ನು ಒಂದು ದೊಡ್ಡ ವಿದ್ಯೆ ಮಾಡಿಕೊಂಡಾರ. ಅದಕ್ಕ ಡಿಸ್‌ಕ್ರೀಟ್ ಇವೆಂಟ್ ಸಿಮ್ಯುಲೇಶನ್ ಅಂತ ಹೆಸರು. ನಮ್ಮ ಮಾತಿನಾಗ, ಘಟನೆಯಿಂದ ಘಟನೆಗೆ ಜಿಗಿದು ಆಡಿ ನೋಡುವ ಆಟ ಅನ್ನಬಹುದು.

ನನ್ನ ಅಣ್ಣನ ಮೊಮ್ಮಗ ಪುಣೆದಾಗ ಇಂಥ ಕೆಲಸ ಮಾಡ್ತಾನ. ಅವನು ಬಳಸೂದು ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಒಂದು ಲೈಬ್ರರಿ. ಆ ಶಬ್ದ ಕೇಳಿದ ಕೂಡಲೇ ನನಗ ನಮ್ಮ ವಾಚನಾಲಯದ ಕಪಾಟೇ ಕಣ್ಣ ಮುಂದ ಬಂತು. ಅದೇನು ಭಾಳ ದೂರದ ಮಾತಲ್ಲ. ಯಾರೋ ಒಮ್ಮೆ ಬರೆದಿಟ್ಟ ಗಣಕದ ಸೂಚನೆಗಳ ಕಟ್ಟು ಅದು. ಬೇಕಾದವರು ಎರವಲು ತಂದು ತಮ್ಮ ಕೆಲಸಕ್ಕ ಹಚ್ಚಿಕೋತಾರ. ತಿರುಗಿ ಕೊಡೂದು ಬ್ಯಾಡ, ಹರಿದು ಹೋಗುವ ಭಯಾನೂ ಇಲ್ಲ. ಈ ಲೈಬ್ರರಿಗೆ ನಾವು ದುಂಡನೆಯ ಮನಿಗಳನ್ನು ಬರೆದು, ನಡುವೆ ಬಾಣದ ಗೆರಿ ಎಳೆದು ಒಂದು ಚಿತ್ರ ಕೊಟ್ಟರ, ಆ ಚಿತ್ರವನ್ನು ಅದು ಓಡಿಸಿ ತೋರಿಸ್ತದ. ಯಾರು ಎಷ್ಟು ಹೊತ್ತು ಕಾದರು, ಯಾವ ಯಂತ್ರ ಖಾಲಿ ನಿಂತಿತು ಅನ್ನೂದೆಲ್ಲಾ ಲೆಕ್ಕಕ್ಕ ಬರ್ತದ. ಇದೆಲ್ಲಾ ಎಲ್ಲಿಂದ ಬಂತೋ ತಮ್ಮಾ ಅಂದೆ. "ಮುತ್ಯಾ, ಅದಕ್ಕ ನೂರು ವರ್ಷ ಹಿಂದ ಹೋಗಬೇಕು" ಅಂದ. ಆ ನೂರು ವರ್ಷದ ಮಾತನ್ನೇ ಇಲ್ಲಿ ಬರೀತೀನಿ. ಅದು ಪಾಳಿ ಹಚ್ಚಿ ನಿಂತವರ ಇತಿಹಾಸ, ಅದರಾಗ ನಾವೂ ಬರ್ತೀವಿ.

ಮೊದಲು ಆಟ ಹ್ಯಾಂಗ ನಡೀತದ ಅಂತ ನೋಡೋಣ. ನಮ್ಮ ಅಕ್ಕಲಕೋಟೆ ಕಡೆಯ ಮಂದಿಗೆ ಸಕ್ಕರಿ ಕಾರ್ಖಾನಿಯ ಕಾಟಾದ ಮುಂದಿನ ಪಾಳಿಗಿಂತ ಚಲೋ ಉದಾಹರಣೆ ಸಿಗೂದಿಲ್ಲ. ಒಂದೇ ಕಾಟಾ ಅದ ಅಂತ ತಿಳೀರಿ. ಒಂದು ಗಾಡಿ ತೂಕ ಆಗಲಿಕ್ಕ 12 ನಿಮಿಷ. ಮುಂಜಾನೆ 6 ಗಂಟೆಗೆ ಮೊದಲನೇ ಗಾಡಿ, 6:10ಕ್ಕ ಎರಡನೇದು, 6:15ಕ್ಕ ಮೂರನೇದು, 6:20ಕ್ಕ ನಾಲ್ಕನೇದು ಬಂದವು. ಹಾಳಿ ಮ್ಯಾಲೆ ಮೂರು ದುಂಡನೆಯ ಮನಿ ಬರೀರಿ: ಗಾಡಿ ಬಂತು, ತೂಕ ಸುರು ಆತು, ತೂಕ ಮುಗೀತು. 'ಗಾಡಿ ಬಂತು' ಮನಿಯಿಂದ 'ತೂಕ ಸುರು' ಮನಿಗೆ ಒಂದು ಬಾಣ. ಆ ಬಾಣದ ಮ್ಯಾಲೆ ಒಂದು ಷರತ್ತು: ಕಾಟಾ ಖಾಲಿ ಇದ್ದರ ಮಾತ್ರ. 'ಸುರು'ವಿನಿಂದ 'ಮುಗೀತು' ಮನಿಗೆ ಇನ್ನೊಂದು ಬಾಣ. ಅದರ ಮ್ಯಾಲೆ 12 ನಿಮಿಷ ಅಂತ ಬರೀರಿ. 'ಮುಗೀತು'ವಿನಿಂದ ತಿರುಗಿ 'ಸುರು'ವಿಗೆ ಮತ್ತೊಂದು; ಅದಕ್ಕ ಷರತ್ತು, ಪಾಳಿಯಾಗ ಗಾಡಿ ಇದ್ದರ. ಚಿತ್ರ ಮುಗೀತು.

ಈಗ ಓಡಿಸ್ರಿ. ಮೊದಲನೇ ಗಾಡಿ ಬಂದ ಕೂಡಲೇ ಕಾಟಾ ಮ್ಯಾಲೆ ಹೋಗಿ 6:12ಕ್ಕ ಇಳೀತದ. ಎರಡನೇದು 2 ನಿಮಿಷ ಕಾದು 6:24ಕ್ಕ ಇಳೀತದ. ಮೂರನೇದು 9 ನಿಮಿಷ ಕಾದು 6:36ಕ್ಕ. ನಾಲ್ಕನೇದು 16 ನಿಮಿಷ ಕಾದು 6:48ಕ್ಕ. ಒಟ್ಟು ಕಾದದ್ದು 27 ನಿಮಿಷ. ಇದರಾಗ ಗಡಿಯಾರ ನಿಂತದ್ದು ಎಂಟೇ ಕಡೆ: ನಾಲ್ಕು ಸಲ ಗಾಡಿ ಬಂದಾಗ, ನಾಲ್ಕು ಸಲ ತೂಕ ಮುಗಿದಾಗ. ಉಳಿದ ನಿಮಿಷಗಳನ್ನು ಯಾರೂ ಎಣಿಸಲಿಲ್ಲ, ಜಿಗಿದು ಹೋದೆವು. ಗಣಕಯಂತ್ರ ತನ್ನ ಹತ್ತಿರ ಒಂದು ಪಂಚಾಂಗ ಇಟ್ಟುಕೊಂಡಿರ್ತದ. ಮುಂದೆ ಯಾವ ಘಟನೆ ಎಷ್ಟೊತ್ತಿಗೆ ಅನ್ನುವ ಪಟ್ಟಿ ಅದು. ಎಲ್ಲಕ್ಕಿಂತ ಮೊದಲು ಬರೂದನ್ನು ತೆಗೆದು, ಗಡಿಯಾರವನ್ನು ಅಲ್ಲಿಗೆ ಹಚ್ಚಿ, ಆ ಘಟನೆಯಿಂದ ಹುಟ್ಟುವ ಹೊಸ ಘಟನೆಗಳನ್ನು ಪಟ್ಟಿಯಾಗ ಬರೀತದ. ಇಷ್ಟೇ. ಏಳನೇ ಇಯತ್ತೆಯ ಕೂಡಿಸೂದು ಕಳೆಯೂದು ಬಂದರ ಸಾಕು, ನನಗ ಬಂದದ.

ಈಗ ಒಂದು ವಿಚಿತ್ರ ನೋಡ್ರಿ. ಎರಡು ಕಾಟಾ ಇಟ್ಟರ ಅದೇ ನಾಲ್ಕು ಗಾಡಿ ಕಾಯೂದು ಎಷ್ಟು? ಬರೀ 2 ನಿಮಿಷ, ಅದೂ ನಾಲ್ಕನೇ ಗಾಡಿ ಒಂದೇ. ಎರಡನೇ ಕಾಟಾಕ್ಕ ರೊಕ್ಕ ಇಲ್ಲ ಅನ್ನಿ; ಇದ್ದ ಒಂದರಾಗೇ ತೂಕದ ಹೊತ್ತು 12ರಿಂದ 10 ನಿಮಿಷಕ್ಕ ಇಳಿದರ? ಕಾಯೂದು 27ರಿಂದ 15ಕ್ಕ ಬರ್ತದ. ಒಂದು ಗಾಡಿಗೆ ಎರಡೇ ನಿಮಿಷ ಉಳಿಸಿದ್ದಕ್ಕ ಕಾಯೂದು ಹತ್ತತ್ತಿರ ಅರ್ಧ ಆತು. ಪಾಳಿಯ ಗುಣ ಇದು. ಕಾಟಾದ ತಾಕತ್ತಿನ ಅಂಚಿಗೆ ಗಾಡಿಗಳು ಬಂದವು ಅಂದ್ರ ಪಾಳಿ ಹದ್ದು ಮೀರಿ ಬೆಳೀತದ, ಒಂದು ಸಣ್ಣ ಸಡಿಲು ಸಿಕ್ಕರ ಅಷ್ಟೇ ಲಗೂನ ಕರಗ್ತದ. ಇದು ಬರಿಗಣ್ಣಿಗೆ ಕಾಣೂದಿಲ್ಲ, ಲೆಕ್ಕ ಹಾಕಿದರ ಕಾಣ್ತದ.

ಈ ಗುಣವನ್ನು ಮೊದಲು ಗಣಿತದಾಗ ಹಿಡಿದವ ಡೆನ್ಮಾರ್ಕ್ ದೇಶದ ಆಗ್ನರ್ ಕ್ರಾರುಪ್ ಎರ್ಲಾಂಗ್. 1878ರಲ್ಲಿ ಹುಟ್ಟಿದವ, ಶಾಲಿ ಮಾಸ್ತರರ ಮಗ, ತಾನೂ ಕೆಲವು ವರ್ಷ ಮಾಸ್ತರಿಕಿ ಮಾಡಿದವ. 1908ರಲ್ಲಿ ಕೋಪನ್‌ಹೇಗನ್ ಪಟ್ಟಣದ ಟೆಲಿಫೋನ್ ಕಂಪನಿ ಸೇರಿದ. ಆಗ ಟೆಲಿಫೋನ್ ಅಂದ್ರ ನಡುವೆ ಕುಂತ ಹೆಣ್ಣುಮಕ್ಕಳು ಕೈಯಿಂದ ತಂತಿ ಜೋಡಿಸಿ ಕೊಡುವ ಕಾಲ. ತಂತಿ ಕಡಿಮಿ ಇದ್ದರ ಕರೆ ಮಾಡುವವರು ಕಾಯಬೇಕು. ಹೆಚ್ಚಿಗಿ ಹಾಕಿದರ ಕಂಪನಿಯ ರೊಕ್ಕ ದಂಡ. ಎಷ್ಟು ತಂತಿ ಇರಬೇಕು? ಕರೆ ಯಾವಾಗ ಬರ್ತದ ಅಂತ ಯಾರಿಗೂ ಗೊತ್ತಿಲ್ಲ, ಅವು ಪಂಚಾಂಗ ನೋಡಿ ಬರೂದಿಲ್ಲ. ಆದರೂ ಸಾವಿರ ಕರೆ ಕೂಡಿಸಿ ನೋಡಿದರ ಅದರಾಗ ಒಂದು ನಿಯಮ ಅದ ಅಂತ 1909ರಲ್ಲಿ ಅವ ಬರೆದ. 1917ರಲ್ಲಿ, ಇಂತಿಷ್ಟು ತಂತಿಗೆ ಇಂತಿಷ್ಟು ಕರೆ ಬಂದರ ಎಷ್ಟು ಮಂದಿಗೆ ತಂತಿ ಸಿಗೂದಿಲ್ಲ, ಎಷ್ಟು ಹೊತ್ತು ಕಾಯಬೇಕು ಅನ್ನೂದಕ್ಕ ಸೂತ್ರ ಕೊಟ್ಟ. 1929ರಲ್ಲಿ, 51ನೇ ವಯಸ್ಸಿಗೆ ತೀರಿಕೊಂಡ. ಟೆಲಿಫೋನಿನ ದಟ್ಟಣೆಯನ್ನು ಅಳೆಯುವ ಮಾಪಕ್ಕ 1946ರಲ್ಲಿ ಅವನ ಹೆಸರೇ ಇಟ್ಟರು. ಜೋಳಕ್ಕ ಕಿಲೋ ಇದ್ದಂಗ ಮಾತಿನ ದಟ್ಟಣೆಗೆ ಎರ್ಲಾಂಗ್.

ಆದರ ಸೂತ್ರಕ್ಕೂ ಒಂದು ಮಿತಿ ಅದ. ಒಂದು ಕಾಟಾ, ಒಂದು ಪಾಳಿ ಇದ್ದರ ಸೂತ್ರ ನಡೀತದ. ಕಾಟಾ ಆದ ಮ್ಯಾಲೆ ಕಬ್ಬು ಇಳಿಸುವ ಜಾಗ, ಆಮ್ಯಾಲೆ ಗಾಣ. ನಡುವೆ ಗಾಣ ಕೆಟ್ಟು ನಿಂತಿತು. ಟ್ರ್ಯಾಕ್ಟರಿಗೊಂದು ಪಾಳಿ, ಎತ್ತಿನ ಗಾಡಿಗೊಂದು ಪಾಳಿ. ಮುಕಾದಮ ಬಂದು ಯಾರನ್ನೋ ನಡುವೆ ಹೊಗಿಸಿದ. ಇಂಥಲ್ಲಿ ಸೂತ್ರ ಕೈ ಬಿಡ್ತದ. ಅಲ್ಲಿ ಆಡಿಯೇ ನೋಡಬೇಕು.

ಆಡಿ ನೋಡುವ ಬುದ್ಧಿ ಹೊಳೆದದ್ದು ಇಸ್ಪೀಟಿನಿಂದ. ಪೋಲಂಡಿನಿಂದ ಅಮೆರಿಕಕ್ಕ ಹೋದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ 1946ರಲ್ಲಿ ಜಡ್ಡು ಬಿದ್ದು ಸುಧಾರಿಸಿಕೊಳ್ಳೂ ಮುಂದ ಒಬ್ಬನೇ ಕುಂತು ಎಲೆ ಆಡ್ತಿದ್ದ. ಈ ಆಟ ಗೆಲ್ಲುವ ಸಂಭವ ಎಷ್ಟು ಅಂತ ಗಣಿತದಿಂದ ತೆಗೀಲಿಕ್ಕ ನೋಡಿದ, ಭಾಳ ತೊಡಕಾತು. ಅದರ ಬದಲು ನೂರು ಸಲ ಆಡಿ ಎಷ್ಟು ಸಲ ಗೆದ್ದೆ ಅಂತ ಎಣಿಸಿದರ ಆಗೂದಿಲ್ಲೇನು ಅನ್ನಿಸಿತು. ಜಾನ್ ಫಾನ್ ನಾಯ್ಮನ್ ಜೋಡಿ ಸೇರಿ ಆ ಬುದ್ಧಿಯನ್ನು ಗಣಕಯಂತ್ರಕ್ಕ ಹಚ್ಚಿದರು. ಜೂಜಿನ ಊರಿನ ಹೆಸರು ಮಾಂಟೆ ಕಾರ್ಲೊ ಅಂತಲೇ ಆ ವಿಧಾನಕ್ಕ ಹೆಸರಾತು. ಅವರು ಹಚ್ಚಿದ್ದು ಮಾತ್ರ ಅಣುಬಾಂಬಿನ ಕೆಲಸಕ್ಕ. ಬ್ಯಾರೆ ಮನಿಯಾಗ ಹುಟ್ಟಬೇಕಾಗಿದ್ದ ಕೂಸು ಅನಸ್ತದ ನನಗ. ಇರಲಿ, ದಾಳ ಬಂತು. ಗಾಡಿ ಯಾವಾಗ ಬರ್ತದ ಗೊತ್ತಿಲ್ಲದಿದ್ದರ ಗಣಕಯಂತ್ರ ದಾಳ ಉರುಳಿಸಿ ಬರಿಸ್ತದ. ಒಂದು ಹಂಗಾಮನ್ನು ಸಾವಿರ ಸಲ ಆಡಿ ಸರಾಸರಿ ಹೇಳ್ತದ.

1960ರ ಹೊತ್ತಿಗೆ ಎರಡೂ ಕೂಡಿದವು: ಎರ್ಲಾಂಗನ ಪಾಳಿ, ಉಲಾಮನ ದಾಳ. ಇಂಗ್ಲೆಂಡಿನ ಶೆಫೀಲ್ಡದಾಗ ಕೆ. ಡಿ. ಟೋಚರ್ ಎಂಬವ ಉಕ್ಕಿನ ಕಂಪನಿಯ ಸಲುವಾಗಿ ಇಂಥ ಆಟ ಆಡಿಸುವ ಗಣಕದ ಕಾರ್ಯಕ್ರಮ ಬರೆದ. 1963ರಲ್ಲಿ ಅದರ ಮ್ಯಾಲೆ ಪುಸ್ತಕಾನೂ ತಂದ. ಅಮೆರಿಕದಾಗ ಐಬಿಎಮ್ ಕಂಪನಿಯ ಜೆಫ್ರಿ ಗಾರ್ಡನ್ 1961ರಲ್ಲಿ ಜಿಪಿಎಸ್ಎಸ್ ಅನ್ನೂದನ್ನು ತಂದ. ಚೌಕ ಚೌಕ ಬರೆದು ಜೋಡಿಸುವ ಪದ್ಧತಿ ಅದು. ಅಲ್ಲೇ ರ‍್ಯಾಂಡ್ ಸಂಸ್ಥೆಯಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಮತ್ತು ಸಂಗಡಿಗರು ಸಿಮ್‌ಸ್ಕ್ರಿಪ್ಟ್ ಮಾಡಿದರು. ಈ ಮಾರ್ಕೊವಿಟ್ಜಗೆ ಮುಂದ 1990ರಲ್ಲಿ ನೊಬೆಲ್ ಬಂತು, ಆದರ ಅದು ಬಂಡವಾಳ ಹಂಚಿ ಹೂಡುವ ಶಾಸ್ತ್ರಕ್ಕ.

ನನ್ನ ಮನಸ್ಸು ನಿಂತದ್ದು ನಾರ್ವೆ ದೇಶದ ಇಬ್ಬರ ಮ್ಯಾಲೆ. ಕ್ರಿಸ್ಟನ್ ನಿಗಾರ್ಡ್, ಓಲೆ ಯೋಹಾನ್ ಡಾಲ್. ನಿಗಾರ್ಡ್ 1926ರಲ್ಲಿ ಹುಟ್ಟಿದವ, ಡಾಲ್ 1931ರಲ್ಲಿ. 1948ರಿಂದ ನಿಗಾರ್ಡ್ ನಾರ್ವೆಯ ರಕ್ಷಣಾ ಸಂಶೋಧನಾಲಯದಾಗ ಇದ್ದ. ಆ ದೇಶದ ಮೊದಲ ಅಣುಭಟ್ಟಿಯ ಲೆಕ್ಕವನ್ನು ಗಣಕಯಂತ್ರ ಇಲ್ಲದ ದಿನಗಳಾಗ ಕೈಯಿಂದಲೇ ದಾಳದ ವಿಧಾನದಾಗ ಹಾಕಿದವರೊಳಗ ಅವ ಒಬ್ಬ. ಕೈ ನೋಯುವ ತನಕ ಲೆಕ್ಕ ಹಾಕಿದವನಿಗೇ ಯಂತ್ರದ ಬೆಲೆ ತಿಳೀತದ. ಮುಂದ ಓಸ್ಲೊ ಪಟ್ಟಣದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ದಾಗ ಇಬ್ಬರೂ ಕೂಡಿ 1962ರಿಂದ ಸಿಮ್ಯುಲಾ ಎಂಬ ಭಾಷೆ ಕಟ್ಟಲಿಕ್ಕ ಹತ್ತಿದರು. ಕರೀ ಹಲಗಿ ಮುಂದ ಇಬ್ಬರ ವಾದ ಎಷ್ಟು ಜೋರು ಇರ್ತಿತ್ತಂದ್ರ, ಹೊಸದಾಗಿ ಕೆಲಸಕ್ಕ ಬಂದ ಹೆಣ್ಣುಮಗಳೊಬ್ಬಳು ಜಗಳ ಹತ್ತೇದ ಅಂತ ಅಂಜಿ ಟೆಲಿಫೋನಿನವಳ ಹತ್ತಿರ ಓಡಿ ಬಂದಳಂತ. ಆಕಿ ಕಿವಿಗೊಟ್ಟು ಕೇಳಿ, ಅಂಜಬ್ಯಾಡ, ಅವರಿಬ್ಬರೂ ಸಿಮ್ಯುಲಾದ ಮಾತಾಡಲಿಕ್ಕ ಹತ್ಯಾರ ಅಂತ ಸಮಾಧಾನ ಹೇಳಿದಳು. ಗೀಗೀ ಮ್ಯಾಳದಾಗ ಹರದೇಶಿ ನಾಗೇಶಿ ವಾದ ಕಂಡ ನಮಗ ಇದು ಹೊಸದಲ್ಲ.

ಅವರ ವಾದದ ಒಂದು ಗಂಟು ನಮಗ ಬೇಕಾದದ್ದು. ಮೊದಲಿಗೆ ಅವರ ಚಿತ್ರ ಹ್ಯಾಂಗಿತ್ತು? ಅಲ್ಲಲ್ಲಿ ಠಾಣೆ, ಒಂದೊಂದು ಠಾಣೆಯ ಮುಂದ ಒಂದೊಂದು ಪಾಳಿ, ಠಾಣೆಯಿಂದ ಠಾಣೆಗೆ ಗಿರಾಕಿ ಸಾಗ್ತಾನ. ಎಲ್ಲಾ ಕೆಲಸ ಮಾಡಾವು ಠಾಣೆ. ಗಿರಾಕಿ ಅಂದ್ರ ಒಂದು ಸಾಮಾನು ಇದ್ದಂಗ, ಅವನನ್ನು ಎತ್ತಿ ಇಟ್ಟಲ್ಲಿ ಇರ್ತಾನ. ಹಂಗೇ ಬರಕೋತ ಹೋದಾಗ ಅವರಿಗೆ ಹೊಳೀತು: ಇದೇ ಕಥಿಯನ್ನು ಗಿರಾಕಿಯ ಕಡೆಯಿಂದಲೂ ಹೇಳಬಹುದಲ್ಲ! ಅವ ಹೊರಟ, ಬಂದ, ಕಾದ, ಕೆಲಸ ಮುಗಿಸಿದ, ಹೋದ. ಅವನೇ ನಡೆಯುವವ, ಠಾಣೆ ಸುಮ್ಮನೆ ನಿಂತದ್ದು. 1964ರಲ್ಲಿ ಅವರು ಹಳೇ ಚಿತ್ರ ಬಿಟ್ಟು, ಠಾಣೆ ಇರಲಿ ಗಿರಾಕಿ ಇರಲಿ, ಪ್ರತಿಯೊಂದಕ್ಕೂ ತನ್ನದೇ ಒಂದು ಬಾಳು ಅದ ಅಂತ ಬರೆದರು. 1965ರ ಹೊತ್ತಿಗೆ ಆ ಭಾಷೆ ಯುನಿವ್ಯಾಕ್ 1107 ಎಂಬ ಯಂತ್ರದ ಮ್ಯಾಲೆ ಓಡಲಿಕ್ಕ ಹತ್ತಿತು.

ಇಷ್ಟಕ್ಕ ಬಿಡಲಿಲ್ಲ. ಸೇತುವೆಯ ಸುಂಕದ ಕಟ್ಟೆಯ ಮುಂದ ಲಾರಿ, ಬಸ್ಸು ಎಲ್ಲಾ ಒಂದೇ ಪಾಳಿಯಾಗ ನಿಂತಾವ. ಲಾರಿಯ ಗುಣ ಬ್ಯಾರೆ, ಬಸ್ಸಿನ ಗುಣ ಬ್ಯಾರೆ; ಪಾಳಿಯಾಗ ನಿಲ್ಲುವ ಗುಣ ಮಾತ್ರ ಇಬ್ಬರಿಗೂ ಒಂದೇ. ಆ ಒಂದೇ ಗುಣವನ್ನು ಎರಡು ಸಲ ಯಾಕ ಬರೀಬೇಕು? ಒಮ್ಮೆ ಬರೆದು ಇಬ್ಬರಿಗೂ ಬಳುವಳಿ ಕೊಟ್ಟರ ಆತು. ಈ ವಿಚಾರದಿಂದ 1967ರ ಸಿಮ್ಯುಲಾದಾಗ 'ಕ್ಲಾಸ್' ಎಂಬ ಶಬ್ದ ಬಂತು, ಅಂದ್ರ ಜಾತಿ ಅಥವಾ ವರ್ಗ. ನಮ್ಮಲ್ಲಿ ಟ್ರ್ಯಾಕ್ಟರು, ಎತ್ತಿನ ಗಾಡಿ ಒಂದೇ ಕಾಟಾಕ್ಕ ನಿಂತಂಗ. ಇಂದು ಜಗತ್ತಿನಾಗ ಬಳಕೆಯಲ್ಲಿರುವ ಎಷ್ಟೋ ಗಣಕ ಭಾಷೆಗಳಿಗೆ ಇದೇ ಬೇರು. ಬ್ಯಾರ್ನೆ ಸ್ಟ್ರೌಸ್ಟ್ರುಪ್ ಎಂಬವ ಸಿಮ್ಯುಲಾ ಬಳಸಿದ ಅನುಭವದಿಂದಲೇ 1979ರಲ್ಲಿ ಸಿ++ ಭಾಷೆಯ ಕೆಲಸ ಹಿಡಿದ. ಪಾಳಿ ಲೆಕ್ಕ ಹಾಕಲಿಕ್ಕ ಹೊಂಟವರು ಗಣಕ ವಿದ್ಯೆಯ ದಾರಿಯನ್ನೇ ತಿರುವಿದರು.

ನಿಗಾರ್ಡ್ ಇಲ್ಲಿಂದ ಮುಂದ ಹಿಡಿದ ದಾರಿ ಗಣಕದ ಪುಸ್ತಕಗಳಾಗ ಎರಡು ಸಾಲಿನಾಗ ಮುಗೀತದ. ನನಗ ಅದೇ ದೊಡ್ಡದು ಅನಸ್ತದ. ತಾನು ಕಟ್ಟಿದ ಭಾಷೆಯಿಂದ ಕಾರ್ಖಾನಿ ಮಾಲಕರು ಕೆಲಸಗಾರರ ದಿನವನ್ನು ಅಳೆದು ಹಂಚಲಿಕ್ಕ ಹತ್ತಿದ್ದನ್ನು ಅವ ಕಂಡ. ಚಿತ್ರ ಬರೆಯುವವರು ಮಾಲಕರು, ಚಿತ್ರದೊಳಗ ಸಾಗುವವರು ಕೆಲಸಗಾರರು. ಮಾಲಕರಿಗೆ ಯಂತ್ರ ಖಾಲಿ ನಿಂತ ನಿಮಿಷ ಬೇಕು. ಕೆಲಸಗಾರನ ನಡು ನೋವಿಗೆ ಚಿತ್ರದಾಗ ಮನಿಯೇ ಇಲ್ಲ. ಅದಕ್ಕ ಅವ ನಾರ್ವೆಯ ಕಬ್ಬಿಣ ಮತ್ತು ಲೋಹ ಕೆಲಸಗಾರರ ಸಂಘದ ಜೋಡಿ ಸೇರಿದ. 1971ರಿಂದ 1973ರ ತನಕ ಅವರ ನಡುವೆ ಕುಂತು, ಗಣಕಯಂತ್ರ ಅಂದ್ರೇನು, ಅದು ನಿಮ್ಮ ಕೆಲಸವನ್ನು ಏನು ಮಾಡ್ತದ ಅಂತ ಕಲಿಯುವ, ಕಲಿಸುವ ಕೆಲಸ ನಡೀತು. ಕೆಲಸಗಾರರಿಗೆ ತಿಳಿಯುವ ಪಾಠದ ಪುಸ್ತಕ ಬಂತು. 1975ರಲ್ಲಿ ದೇಶದ ಕೆಲಸಗಾರರ ಒಕ್ಕೂಟಕ್ಕೂ ಮಾಲಕರ ಒಕ್ಕೂಟಕ್ಕೂ ಒಪ್ಪಂದ ಆತು: ಹೊಸ ಗಣಕ ವ್ಯವಸ್ಥೆ ತರೂದಕ್ಕ ಮೊದಲು ಕೆಲಸಗಾರರಿಗೆ ಹೇಳಬೇಕು, ಅವರು ತಮ್ಮ ಪ್ರತಿನಿಧಿಯನ್ನು ಆರಿಸಬಹುದು, ಹೇಳೂದೂ ವಿದ್ಯೆ ಇಲ್ಲದವರಿಗೆ ತಿಳಿಯುವ ಸಾದಾ ಮಾತಿನಾಗ ಹೇಳಬೇಕು. ಈ ಕಡೆಯ ಮಾತನ್ನು ನಾನು ಹುಡುಗನ ಕಡೆಯಿಂದ ಎರಡು ಸಲ ಓದಿಸಿ ಕೇಳಿದೆ.

ಇನ್ನೂ ಒಂದು ಅದ. ಯುರೋಪಿನ ಒಕ್ಕೂಟಕ್ಕ ನಾರ್ವೆ ಸೇರಬೇಕೋ ಬ್ಯಾಡೋ ಅಂತ ಪ್ರಶ್ನೆ ಎದ್ದಾಗ, ಬ್ಯಾಡ ಅನ್ನುವ ಚಳವಳಿಗೆ 1990ರಿಂದ ಈ ನಿಗಾರ್ಡನೇ ಮುಂದಾಳು. ಅಲ್ಲಿನ ರೈತರು, ಮೀನುಗಾರರು ಅವನ ಬೆನ್ನಿಗಿದ್ದರು. 1994ರ ನವೆಂಬರ್ 28ರ ಮತದಾನದಾಗ ನೂರಕ್ಕೆ 52.2 ಮತ ಬ್ಯಾಡ ಅಂತಲೇ ಬಿದ್ದವು. ಸರಿಯೋ ತಪ್ಪೋ ಆ ದೇಶದವರಿಗೆ ಬಿಟ್ಟದ್ದು. ಗಣಕದ ಪಂಡಿತನೊಬ್ಬ ರೈತರ ನಡುವೆ ನಿಂತು ಮಾತಾಡಿದ ಅನ್ನೂದಷ್ಟೇ ನನಗ ಸಾಕು. ಡಾಲ್ ಮತ್ತು ನಿಗಾರ್ಡ್ ಇಬ್ಬರಿಗೂ ಕೂಡಿ 2001ರ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರ ಜೂನ್ 29ಕ್ಕ ಡಾಲ್ ಹೋದ. ಆಗಸ್ಟ್ 10ಕ್ಕ ನಿಗಾರ್ಡ್. ನಡುವೆ ಆರು ವಾರ.

ಮೇಲೆ ನಾನು ಹೇಳಿದ ದುಂಡನೆಯ ಮನಿ ಮತ್ತು ಬಾಣದ ಚಿತ್ರಕ್ಕ ಶಾಸ್ತ್ರದ ರೂಪ ಕೊಟ್ಟವ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೀ ಶ್ರೂಬೆನ್, 1983ರಲ್ಲಿ. ಅದಕ್ಕ ಇವೆಂಟ್ ಗ್ರಾಫ್ ಅಂದರು, ಘಟನೆಗಳ ನಕ್ಷೆ. ಮನಿ ಅಂದ್ರ ಘಟನೆ, ಬಾಣ ಅಂದ್ರ ಒಂದು ಘಟನೆ ಇನ್ನೊಂದಕ್ಕ ಕಳಿಸುವ ಕರೆ, ಬಾಣದ ಮ್ಯಾಲೆ ಷರತ್ತು ಮತ್ತು ತಡ. ಎಷ್ಟೇ ದೊಡ್ಡ ಬಂದರು ಇರಲಿ, ದವಾಖಾನಿ ಇರಲಿ, ಇಷ್ಟರಾಗೇ ಹಿಡಿಸಬಹುದು. ಇದರ ದೊಡ್ಡ ಉಪಕಾರ ಅಂದ್ರ ಗಣಕ ಬಾರದವರೂ ಹಾಳಿ ಮ್ಯಾಲಿನ ಚಿತ್ರ ನೋಡಿ, ಇಲ್ಲಿ ಒಂದು ಮನಿ ಬಿಟ್ಟೀರಿ ಅಂತ ಬೆರಳಿಟ್ಟು ತೋರಿಸಬಹುದು.

ಜಾವಾಸ್ಕ್ರಿಪ್ಟ್ ಇವರೆಲ್ಲರ ಮುಂದ ಮೊನ್ನೆಯ ಕೂಸು. 1995ರ ಮೇ ತಿಂಗಳದಾಗ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನದಾಗ ಅದರ ಮೊದಲ ರೂಪ ಬರೆದ. ಗಡಿಬಿಡಿಯಾಗ ಹುಟ್ಟಿದ್ದಕ್ಕ ಕೆಲವು ಅಂಕುಡೊಂಕು ಅದರಾಗ ಉಳಿದಾವಂತ. ಆದರ ಇಂದು ಫೋನಿನಾಗ, ಗಣಕದಾಗ, ಇಂಟರ್ನೆಟ್ ತೆರೆಯುವ ಎಲ್ಲಾ ಕಡೆ ಅದು ಓಡ್ತದ, ಬ್ಯಾರೆ ಏನೂ ಹಾಕಿಕೊಳ್ಳೂದು ಬ್ಯಾಡ. ತಮಾಷೆ ಅಂದ್ರ ಆ ಭಾಷೆಯ ಸ್ವಭಾವವೇ ಪಾಳಿಯದು. ಬೆರಳು ಒತ್ತಿದ್ದು, ಸುದ್ದಿ ಬಂದದ್ದು, ಒಂದೊಂದು ಘಟನೆಯೂ ಪಾಳಿಯಾಗ ನಿಲ್ತದ, ಒಂದು ಮುಗಿದ ಮ್ಯಾಲೆ ಇನ್ನೊಂದನ್ನು ಅದು ಕೈಗೆತ್ತಿಕೊಳ್ತದ. ಸುಂಕದ ಕಟ್ಟೆಯ ಮುಂದ ಹುಟ್ಟಿದ 'ಕ್ಲಾಸ್' ಎಂಬ ಶಬ್ದ ಆ ಭಾಷೆಯ ನಿಯಮದಾಗ ಸೇರಿದ್ದು 2015ರಲ್ಲಿ. ಒಂದು ಕಾಲಕ್ಕ ಕೋಣಿ ತುಂಬುವ ಯಂತ್ರದ ಮ್ಯಾಲೆ ಉಕ್ಕಿನ ಕಂಪನಿಯವರಷ್ಟೇ ಆಡಿ ನೋಡುತ್ತಿದ್ದ ಆಟ, ಇಂಥ ಲೈಬ್ರರಿಗಳಿಂದ ಈಗ ಕಿಸೆಯ ಫೋನಿನೊಳಗ ಬಂದದ.

ಹುಡುಗ ನಮ್ಮ ಕಬ್ಬಿನ ಚಿತ್ರವನ್ನು ಫೋನಿನಾಗೇ ಓಡಿಸಿ ತೋರಿಸಿದ. ಗಾಣ ಖಾಲಿ ನಿಂತ ಹೊತ್ತು ಇಷ್ಟು, ಪಾಳಿ ಇಷ್ಟು ಉದ್ದ ಅಂತ ಲೆಕ್ಕ ಬಂತು. ಕಬ್ಬು ಒಣಗಿದ್ದು ಎಲ್ಲಿ ಅಂತ ನಾನು ಕೇಳಿದೆ. ಕಡಿದ ಕಬ್ಬು ಬಿಸಲಾಗ ನಿಂತಷ್ಟೂ ತೂಕ ಕಳಕೊಳ್ತದ, ಸಕ್ಕರಿ ಅಂಶಾನೂ ಇಳೀತದ. ಕಾಟಾದ ಮ್ಯಾಲೆ ಹೋದಾಗ ಎಷ್ಟು ತೂಗಿತೋ ಅಷ್ಟಕ್ಕೇ ರೊಕ್ಕ. ಅಂದ್ರ ಕಾಯೂದರ ಖರ್ಚು ಪೂರಾ ರೈತನ ಚೀಲದಿಂದ ಹೋಗ್ತದ. ಅವ ನಾಲ್ಕನೇ ಮನಿ ಬರೆದ: ಕಬ್ಬು ಒಣಗಿತು. ಬರೆದು, "ಮುತ್ಯಾ, ಇದು ಓಡಬೇಕಾದರ ಗಾಡಿ ಬಂದ ಹೊತ್ತು ಬೇಕು, ಎಲ್ಲಿ ಸಿಗ್ತದ?" ಅಂದ.

ಎಲ್ಲೂ ಸಿಗೂದಿಲ್ಲ. ನಮ್ಮ ಕಡೆ ಸಿಗುವ ಚೀಟಿ ಮ್ಯಾಲೆ ತೂಕ ಆದ ಹೊತ್ತು ಅಚ್ಚಾಗಿರ್ತದ, ಗಾಡಿ ಬಂದು ಪಾಳಿ ಹಚ್ಚಿದ ಹೊತ್ತು ಇರೂದಿಲ್ಲ. ಮೊದಲನೇ ಮನಿಯ ಘಟನೆಯೇ ಬರವಣಿಗೆಯೊಳಗ ಇಲ್ಲ. ಈ ಹಂಗಾಮಿನಿಂದ ಗಾಡಿ ಹೊಡೆಯುವ ಕೆಲವು ಹುಡುಗರು ತಾವು ಬಂದ ಹೊತ್ತನ್ನು ಚೀಟಿಯ ಹಿಂದ ಪೆನ್ನಿಲೆ ಬರೀಲಿಕ್ಕ ಹತ್ಯಾರ. ಹಂಗಾಮು ಮುಗಿದ ಮ್ಯಾಲೆ ಆ ಚೀಟಿ ಎಲ್ಲಾ ವಾಚನಾಲಯದಾಗ ಕೂಡಿಸಬೇಕಂತ ಮಾಡೀವಿ. ದಾರಕ್ಕ ಪೋಣಿಸಿ ತೂಗಿ ಹಾಕಲಿಕ್ಕ ಬಾಗಿಲ ಬಾಜೂಕ ಒಂದು ಮೊಳೆ ಹೊಡೆದದ್ದೂ ಆಗ್ಯದ.